ನೀರಿನ ಟೀಚರ್

ನನ್ನ ಚಿಕ್ಕಮ್ಮನಿಗೆ ಜನರೆಂದರೆ ಪ್ರಾಣ. ಮನೆಗೆ ಯಾರಾದರೂ ಬಂದರೆ ಮೊದಲು ಬಾಗಿಲಿಗೆ ಓಡುವವಳು ಅವಳೇ. "ಅಯ್ಯೋ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ! ಏನು ಹಿಂಗೆ ಇಳಿದು ಹೋಗಿದೀರಾ?" ಎಂದು ಕೈ ಹಿಡಿದು ಒಳಗೆ ಕರೆತಂದು, ನಗಿಸಿ, ಮಕ್ಕಳ ಕೆನ್ನೆ ಹಿಂಡಿ, ಕಾಫಿ ಕೈಗಿತ್ತು, ಬಂದವರು ಇನ್ನೇನು ಕಾಲು ಚಾಚಿ ನೆಮ್ಮದಿಯಾಗಿ ಮಾತಿಗೆ ಕೂರಬೇಕು ಎನ್ನುವಷ್ಟರಲ್ಲಿ ಮಾಯವಾಗಿಬಿಡುತ್ತಿದ್ದಳು. ಹುಡುಕಿಕೊಂಡು ಹೋದರೆ ತಾರಸಿಯ ಮೇಲೆ ಬಟ್ಟೆ ಮಡಚುತ್ತ ನಿಂತಿರುತ್ತಿದ್ದಳು. ಒಣಗದ ಬಟ್ಟೆಯನ್ನೂ ಮಡಚಿಟ್ಟಿರುತ್ತಿದ್ದಳು.

"ಇದೇನೇ ನಿನ್ನ ರೀತಿ? ಬಂದೋರ ಮುಂದೆ ಕೂರೋಕೆ ಏನು ಕಷ್ಟ ನಿನಗೆ?" ಎಂದು ಅಮ್ಮ ಬೈಯುತ್ತಿದ್ದಳು. ಅಮ್ಮ ಅವಳಿಗಿಂತ ಆರು ವರ್ಷ ದೊಡ್ಡವಳು.

"ಮಾತಾಡ್ಸಿದೆನಲ್ಲ ಅಕ್ಕ."

"ಐದು ನಿಮಿಷ ಮಾತಾಡ್ಸಿದ್ರೆ ಆಗ್ಹೋಯ್ತಾ?"

ಚಿಕ್ಕಮ್ಮನ ಪ್ರಕಾರ ಆಗಿಹೋಗಿತ್ತು.

ನಾವಿದ್ದದ್ದು ಎರಡಂತಸ್ತಿನ ಬಾಡಿಗೆ ಮನೆಯಲ್ಲಿ. ಕೆಳಗೆ ನಾವು ಮೂವರು, ಮೇಲೆ ಚಿಕ್ಕಮ್ಮ ಚಿಕ್ಕಪ್ಪ. ಅವರಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಮೆಟ್ಟಿಲ ಮೇಲೂ ಕೆಳಗೂ ನಾನೊಬ್ಬಳೇ ಮಗಳು, ಇಬ್ಬರ ಹತ್ತಿರವೂ ಬೈಸಿಕೊಳ್ಳುತ್ತಿದ್ದೆ. ಚಿಕ್ಕಪ್ಪನದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ. ಗಾಜು ಉಜ್ಜುವ ಯಂತ್ರದ ಮುಂದೆ ದಿನವಿಡೀ ಬಗ್ಗಿ ಕೂರುವ ಮನುಷ್ಯ. ದಿನಕ್ಕೆ ಹತ್ತು ವಾಕ್ಯ ಆಡಿದರೆ ಹೆಚ್ಚು, ಅದರಲ್ಲೂ ನಾಲ್ಕು "ಹೂಂ".

ಚಿಕ್ಕಮ್ಮ ಆಗ ಶಾಲೆಯಲ್ಲಿ ಟೀಚರ್. ನಾಲ್ಕನೇ ತರಗತಿ, ನಲವತ್ತಾರು ಮಕ್ಕಳು. ಒಳ್ಳೆಯ ಟೀಚರೇ. ಅವಳ ತರಗತಿಯಲ್ಲಿ ಕಲಿತ ಮಕ್ಕಳು ಲೆಕ್ಕದಲ್ಲಿ ಎಡವುತ್ತಿರಲಿಲ್ಲ, ಮುಂದಿನ ವರ್ಷದ ಟೀಚರ್ ಬಂದು ಹೊಗಳಿ ಹೋಗುತ್ತಿದ್ದರು. ಇದೇ ದೊಡ್ಡ ತೊಂದರೆಯಾಯಿತು. ಕೆಲಸ ಬರದೇ ಇದ್ದಿದ್ದರೆ ಎರಡೇ ವರ್ಷಕ್ಕೆ ಬಿಟ್ಟು ಬಂದಿರುತ್ತಿದ್ದಳು. ಚೆನ್ನಾಗಿ ಮಾಡುವ ಕೆಲಸ ತನಗೆ ಆಗಿಬರುತ್ತಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಹನ್ನೊಂದು ವರ್ಷ ಹಾಗೇ ನಡೆಯಿತು.

ಸಂಜೆ ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಲ್ಲಿ ಸಣ್ಣಗೆ ಬಿಟ್ಟುಕೊಂಡು, ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಅರ್ಧ ಗಂಟೆ ಕೂತಿರುತ್ತಿದ್ದಳು. ಒಮ್ಮೆ ನಾನು ಪುಸ್ತಕ ಕೇಳಲು ಮೇಲೆ ಹೋದಾಗ ಚಿಕ್ಕಪ್ಪ ಬೆರಳು ತುಟಿಗಿಟ್ಟು, "ಇನ್ನೂ ಬಂದಿಲ್ಲ" ಎಂದ. ಬಾಗಿಲ ಆಚೆ ನೀರಿನ ಸದ್ದು ಕೇಳುತ್ತಿತ್ತು. ಅವಳು ಮನೆಗೆ ಬಂದಾಗಿತ್ತು, ಆದರೂ ಬಂದಿರಲಿಲ್ಲ ಎಂದು ಚಿಕ್ಕಪ್ಪನಿಗೆ ಗೊತ್ತಿತ್ತು.

"ಮಕ್ಕಳ ಮೇಲೆ ಬೇಜಾರಾ?" ಎಂದು ಒಮ್ಮೆ ಅಮ್ಮ ಕೇಳಿದಳು.

"ಛೆ, ಇಲ್ಲ. ಒಬ್ಬೊಬ್ಬರೇ ಬಂದ್ರೆ ಎಲ್ಲಾ ಬಂಗಾರದಂಥ ಮಕ್ಕಳು. ನಲವತ್ತಾರು ಜನ ಬೆಳಗ್ಗೆಯಿಂದ ಸಂಜೆತನಕ ನನ್ನ ಮುಖಾನೇ ನೋಡ್ತಾ ಕೂತಿರ್ತಾರಲ್ಲ, ಅದು ತಡೆಯಕ್ಕಾಗಲ್ಲ ಅಕ್ಕ. ಸಂಜೆ ಹೊತ್ತಿಗೆ ಮುಖ ಸವೆದು ಹೋದಂಗೆ ಅನ್ಸುತ್ತೆ."

"ಮುಖ ಎಲ್ಲಿ ಸವೆಯುತ್ತೆ? ಎಲ್ಲಾ ಟೀಚರ್‌ಗಳಿಗೂ ಹಾಗೇ. ರಜ ಬಂದ್ರೆ ಸರಿಹೋಗುತ್ತೆ."

ರಜ ಬಂತು, ಹೋಯಿತು. ಸರಿಹೋಗಲಿಲ್ಲ.

ಹನ್ನೊಂದನೇ ವರ್ಷದ ಮಧ್ಯದಲ್ಲಿ ಒಂದು ದಿನ, ಮಧ್ಯಾಹ್ನದ ಎರಡನೇ ಪೀರಿಯಡ್‌ನಲ್ಲಿ, ಮಕ್ಕಳಿಗೆ ಭಾಗಾಕಾರದ ಲೆಕ್ಕ ಕೊಟ್ಟು, "ಸೀಮೆಸುಣ್ಣ ತರ್ತೀನಿ" ಎಂದು ಹೊರಗೆ ಹೋದಳು. ಸಾಮಾನಿನ ಕೋಣೆಯಲ್ಲಿ ಸುರುಳಿ ಸುತ್ತಿದ ನಕ್ಷೆಗಳು, ಮುರಿದ ಬೆಂಚುಗಳು, ಸೀಮೆಸುಣ್ಣದ ಡಬ್ಬಿಗಳು. ಡಬ್ಬಿಯೊಂದನ್ನು ಕೈಗೆತ್ತಿಕೊಂಡಳು. ಒಂದು ನಿಮಿಷ ಕೂತು ಹೋಗೋಣ ಎಂದು ಬೆಂಚಿನ ತುದಿಯಲ್ಲಿ ಕೂತಳು. ಗಂಟೆ ಹೊಡೆಯಿತು. ಆಮೇಲೆ ಇನ್ನೊಂದು ಗಂಟೆಯೂ ಹೊಡೆಯಿತು. ಮುಖ್ಯೋಪಾಧ್ಯಾಯಿನಿ ಹುಡುಕಿಕೊಂಡು ಬಂದಾಗ ಡಬ್ಬಿ ಇನ್ನೂ ತೊಡೆಯ ಮೇಲೇ ಇತ್ತು.

"ಏನಮ್ಮಾ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಮೇಡಂ," ಎಂದಳಂತೆ ಚಿಕ್ಕಮ್ಮ. "ಬಹಳ ದಿನ ಆಗಿತ್ತು ಇಷ್ಟು ಹುಷಾರಾಗಿ."

ಮುಖ್ಯೋಪಾಧ್ಯಾಯಿನಿ ಗದರಲಿಲ್ಲ. ಪಕ್ಕದಲ್ಲಿ ತಾವೂ ಕೂತು, "ವರ್ಷ ಮುಗಿಯೋವರೆಗೆ ತಡ್ಕೋ. ಆಮೇಲೆ ನಾನು ತಡೆಯಲ್ಲ" ಎಂದರು. ವರ್ಷ ಮುಗಿಯಿತು, ಚಿಕ್ಕಮ್ಮ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಮಕ್ಕಳೆಲ್ಲ ಸೇರಿ ಕೊಟ್ಟ ಪೆನ್ನಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದು ಅತ್ತಳು. ಬಿಟ್ಟದ್ದಕ್ಕೆ ಅಳುತ್ತಿದ್ದಾಳೆ ಎಂದು ನಾವು ಸಮಾಧಾನ ಹೇಳಿದೆವು. ಬಿಟ್ಟು ಬರುವಾಗ ಅಷ್ಟೇನೂ ದುಃಖ ಆಗಲಿಲ್ಲವಲ್ಲ, ತಾನೆಂಥ ಕಲ್ಲು ಮನಸ್ಸಿನವಳು ಎಂದು ಅವತ್ತು ಅತ್ತದ್ದಾಗಿ ಬಹಳ ವರ್ಷಗಳ ನಂತರ ನನಗೆ ಹೇಳಿದಳು.

ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು: ಇವಳಿಗೆ ಜನ ಆಗುವುದಿಲ್ಲ, ಜನರಿಲ್ಲದ ಕೆಲಸ ಬೇಕು. ಅಪ್ಪನ ಪರಿಚಯದವರೊಬ್ಬರು ಪರೀಕ್ಷೆಯ ಗೈಡ್‌ಗಳನ್ನು ಅಚ್ಚು ಹಾಕಿಸುತ್ತಿದ್ದರು. ಕರಡು ತಿದ್ದುವ ಕೆಲಸ, ಮನೆಯಲ್ಲೇ ಕೂತು ಮಾಡಬಹುದು. ಹಾಳೆಗಳ ಕಟ್ಟು ಬರುತ್ತದೆ, ತಿದ್ದಿ ಕಳಿಸಬೇಕು, ಅಷ್ಟೇ. ಚಿಕ್ಕಪ್ಪ ಮೇಲಿನ ಸಣ್ಣ ಕೋಣೆಯನ್ನು ಖಾಲಿ ಮಾಡಿ, ಕಿಟಕಿ ಪಕ್ಕ ಮೇಜು ಹಾಕಿಸಿಕೊಟ್ಟ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.

ಮೊದಲ ತಿಂಗಳು ಸ್ವರ್ಗ. ಬಚ್ಚಲುಮನೆಯ ಬಕೆಟ್ಟು ಮತ್ತೆ ನೀರು ತುಂಬುವ ಕೆಲಸಕ್ಕೆ ಬಂತು. ಎರಡನೇ ತಿಂಗಳು, "ಎಷ್ಟು ನಿಶ್ಶಬ್ದ ಅಲ್ವಾ ಪುಟ್ಟಿ?" ಎಂದು ನನ್ನನ್ನು ಕೇಳಿದಳು. ನಾಲ್ಕನೇ ತಿಂಗಳ ಹೊತ್ತಿಗೆ ಗ್ಯಾಸ್ ಸಿಲಿಂಡರ್ ತರುವವನು ಸದ್ದಿಲ್ಲದೆ ಸಿಲಿಂಡರ್ ಇಟ್ಟು ಓಡಿಹೋಗತೊಡಗಿದ. ಸಿಕ್ಕಿಬಿದ್ದರೆ ಅವನ ಮಗಳ ಹಲ್ಲುನೋವಿನಿಂದ ಹಿಡಿದು ಗಾಡಿಯ ಬ್ರೇಕಿನವರೆಗೆ ಎಲ್ಲಾ ವಿಚಾರಿಸುತ್ತಿದ್ದಳು. ಅಂಚೆಯವನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದಳು. ಅವನ ಚೀಲದಲ್ಲಿ ನಮಗೇನೂ ಇರುತ್ತಿರಲಿಲ್ಲ.

ಒಂದು ದಿನ ಚಿಕ್ಕಪ್ಪ ಮಧ್ಯಾಹ್ನದ ಊಟಕ್ಕೆ ಬಂದಾಗ ಅವಳು ಫೋನಿನಲ್ಲಿದ್ದಳು. "ಹಿಂದಿನ ಚಕ್ರದ್ದಾ ಮುಂದಿನದ್ದಾ? ... ಹೌದಾ? ಹಾಗಾದ್ರೆ ಎರಡೂ ಒಟ್ಟಿಗೆ ಹಾಕ್ಸಿಬಿಡಿ ಅಂತೀನಿ. ... ನಿಮ್ಮ ಬೆನ್ನುನೋವು ಈಗ ಹೇಗಿದೆ?"

ಚಿಕ್ಕಪ್ಪ ಫೋನ್ ಇಡುವವರೆಗೆ ಕಾದ. "ಯಾರು?"

"ರಾಂಗ್ ನಂಬರ್."

"ರಾಂಗ್ ನಂಬರ್‌ನವನ ಬೆನ್ನುನೋವು ನಿನಗೆ ಹೇಗೆ ಗೊತ್ತು?"

"ಟೈರ್ ಅಂಗಡಿ ಅಂದ್ಕೊಂಡು ಮಾಡಿದ್ರು ಪಾಪ. ಅಲ್ಲ ಅಂತ ಹೇಳ್ದೆ. ಮಾತು ಹಾಗೇ ಬಂತು."

ಚಿಕ್ಕಪ್ಪ ಆ ದಿನ ತನ್ನ ಹತ್ತು ವಾಕ್ಯಗಳ ಕೋಟಾವನ್ನು ಮೀರಿದ. ಊಟ ಮುಗಿಸಿ ಕೈ ತೊಳೆದು ಬಂದು ಹೇಳಿದ: "ನಾವು ತಪ್ಪು ಮಾಡಿದ್ವಿ ಅನ್ಸುತ್ತೆ. ನಿನಗೆ ಜನ ಬೇಡ ಅಂದ್ಕೊಂಡ್ವಿ. ನಿನಗೆ ಜನ ಬೇಕು. ಆದ್ರೆ ಒಬ್ಬರೇ ಬಹಳ ಹೊತ್ತು ಬೇಡ. ದೂರದ್ದು ಹತ್ತಿರದ್ದು ಎರಡೂ ಸರಿಯಾಗಿ ಕಾಣದೇ ಇರೋರು ನನ್ನ ಅಂಗಡಿಗೆ ಬರ್ತಾರಲ್ಲ, ಅವರಿಗೆ ಬೇರೆ ಥರದ ಗಾಜೇ ಬೇಕು. ನಿನಗೂ ಅಂಥದ್ದೇ ಏನೋ ಬೇಕು. ಏನು ಅಂತ ಮಾತ್ರ ನನಗೆ ಗೊತ್ತಿಲ್ಲ."

ಮದುವೆಯಾಗಿ ಹದಿನೈದು ವರ್ಷದಲ್ಲಿ ಅವನು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅದೂ ಚಿಕ್ಕಮ್ಮನ ಬಗ್ಗೆ.

ಆದರೂ ಮತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಕರಡು ತಿದ್ದುತ್ತಲೇ ಇದ್ದಳು. ಏನು ಬೇಕು ಎಂದು ಅರ್ಧ ಗೊತ್ತಾದ ಮಾತ್ರಕ್ಕೆ ಅದು ಬಾಗಿಲಿಗೆ ಬಂದು ನಿಲ್ಲುವುದಿಲ್ಲವಲ್ಲ. ಅವಳ ವಿಷಯದಲ್ಲಿ ಮಾತ್ರ ಬಾಗಿಲಿಗೇ ಬಂದಿತ್ತು, ಅದೂ ಎರಡು ತಿಂಗಳಿಗೊಮ್ಮೆ, ಆದರೆ ಯಾರೂ ಗಮನಿಸಿರಲಿಲ್ಲ.

ನೀರಿನ ಆಫೀಸಿನಿಂದ ಮೀಟರ್ ಓದಲು ಬರುತ್ತಿದ್ದವರನ್ನು ಬೀದಿಯ ಮಕ್ಕಳೆಲ್ಲ ಮೀಟರ್ ಮಾವ ಎನ್ನುತ್ತಿದ್ದೆವು. ಬಗಲಿಗೆ ಚೀಲ, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಗೇಟಿನ ಪಕ್ಕದ ಗುಂಡಿಯ ಮುಚ್ಚಳವನ್ನು ಕೊಕ್ಕೆಯಿಂದ ಎತ್ತಿ, ಒಳಗಿನ ಮೀಟರಿನ ಗಾಜು ಒರೆಸಿ, ಅಂಕಿ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಬಂದವರು ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಏಳಲಾರದೆ ಗೇಟು ಹಿಡಿದುಕೊಂಡರು. ಚಿಕ್ಕಮ್ಮ ನೀರು ತಂದುಕೊಟ್ಟಳು.

"ಇನ್ನು ಮೂರು ತಿಂಗಳು ಅಷ್ಟೇ ನನ್ನದು," ಎಂದರು ಮೀಟರ್ ಮಾವ. "ಆಮೇಲೆ ಯಾರು ಬರ್ತಾರೋ ದೇವ್ರಿಗೇ ಗೊತ್ತು. ಹೊಸಬ್ರು ಯಾರೂ ನಿಲ್ತಿಲ್ಲ."

"ಯಾಕೆ? ನಡೆಯೋದು ಕಷ್ಟಾನಾ?"

"ನಡೆಯೋದಲ್ಲಮ್ಮ. ಒಬ್ಬ ಬಂದ, ಬಾಯೇ ಬಿಡ್ತಿರಲಿಲ್ಲ. ಗೇಟು ಯಾರು ತೆಗೀತಾರೆ? ಕಳ್ಳ ಅಂದ್ಕೊಂಡ್ರು. ಇನ್ನೊಬ್ಬ ಬಂದ, ಮಾತಿನ ಮಲ್ಲ. ಮೂರನೇ ಮನೇಲೇ ಮಧ್ಯಾಹ್ನ ಆಗೋದು. ಈ ಕೆಲಸಕ್ಕೆ ಮಾತೂ ಬೇಕು, ಮಾತು ಮುಗಿಸಿ ಎದ್ದು ಬರೋಕೂ ಗೊತ್ತಿರ್ಬೇಕು. ದಿನಕ್ಕೆ ಎಪ್ಪತ್ತು ಮನೆ ಆಗ್ಬೇಕಲ್ಲ."

"ಎಪ್ಪತ್ತು ಮನೆ," ಎಂದಳು ಚಿಕ್ಕಮ್ಮ. "ಅಂದ್ರೆ ಒಂದೊಂದು ಮನೇಲಿ ಎಷ್ಟು ಹೊತ್ತು?"

"ಹೆಚ್ಚಂದ್ರೆ ಐದು ನಿಮಿಷ."

ನಾನು ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದೆ. ಚಿಕ್ಕಮ್ಮ ಮೀಟರ್ ಮಾವನ ಕೈಯಿಂದ ಲೋಟ ವಾಪಸು ತೆಗೆದುಕೊಳ್ಳುವುದನ್ನು ಮರೆತು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ.

ವಿಷಯ ಕೇಳಿ ಅಮ್ಮ ಹೌಹಾರಿದಳು. "ಟೀಚರ್ ಆಗಿದ್ದವಳು ಕೊಕ್ಕೆ ಹಿಡ್ಕೊಂಡು ಮನೆಮನೆ ಗುಂಡಿ ಬಗೆಯೋಕೆ ಹೋಗ್ತೀಯಾ? ನಿನ್ನ ಹತ್ರ ಕಲಿತ ಮಕ್ಕಳ ಅಪ್ಪ ಅಮ್ಮ ನೋಡಿದ್ರೆ ಏನಂದ್ಕೋತಾರೆ?"

"ಮೀಟರ್ ನೋಡೋಕೆ ಬಂದಿದಾಳೆ ಅಂದ್ಕೋತಾರೆ."

"ತಮಾಷೆ ಬೇಡ. ಬಿಸಿಲಿದೆ, ನಾಯಿ ಇದೆ. ನಲವತ್ತರ ಹತ್ರ ಬಂತು ವಯಸ್ಸು. ನೀನಾದ್ರೂ ಹೇಳಪ್ಪ ಇವಳಿಗೆ," ಎಂದು ಚಿಕ್ಕಪ್ಪನ ಕಡೆ ತಿರುಗಿದಳು.

ಚಿಕ್ಕಪ್ಪ, "ಒಳ್ಳೆ ಶೂ ತಗೋಬೇಕು" ಎಂದ. ಅಮ್ಮ ಎರಡು ದಿನ ಇಬ್ಬರ ಹತ್ತಿರವೂ ಮಾತು ಬಿಟ್ಟಳು.

ಕೆಲಸ ಸಿಗುವುದೇನೂ ಕಷ್ಟವಾಗಲಿಲ್ಲ, ಬೇಕೆನ್ನುವವರೇ ಇರಲಿಲ್ಲ. ಆದರೆ ಮೊದಲ ದಿನವೇ ದೊಡ್ಡ ಎಡವಟ್ಟಾಯಿತು. ಮೀಟರಿನಲ್ಲಿ ಕಪ್ಪು ಅಂಕಿಗಳ ಪಕ್ಕದಲ್ಲಿ ಕೆಂಪು ಅಂಕಿಗಳೂ ಇರುತ್ತವೆ. ಬರೆದುಕೊಳ್ಳಬೇಕಾದ್ದು ಕಪ್ಪನ್ನು ಮಾತ್ರ. ಹೇಳಿಕೊಟ್ಟವರು ಇದನ್ನು ಹೇಳಿರಲಿಲ್ಲವೋ ಇವಳು ಕೇಳಿಸಿಕೊಂಡಿರಲಿಲ್ಲವೋ, ಲೆಕ್ಕದ ಟೀಚರ್ ಎಲ್ಲಾ ಅಂಕಿಗಳನ್ನೂ ಮುತ್ತು ಪೋಣಿಸಿದ ಹಾಗೆ ಒಂದೇ ಸಾಲಿನಲ್ಲಿ ಬರೆದುಕೊಂಡು ಬಂದಿದ್ದಳು. ಸಂಜೆ ಪುಸ್ತಕ ನೋಡಿದ ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈ ಮನೆಯವರು ಎರಡು ತಿಂಗಳಲ್ಲಿ ಒಂದು ಕೆರೆ ಕುಡಿದಿದ್ದಾರೆ ಮೇಡಂ."

ಯಾವ ಅಂಕಿ ಕಪ್ಪು, ಯಾವುದು ಕೆಂಪು ಎಂದು ಪುಸ್ತಕ ನೋಡಿ ಹೇಳುವಂತಿರಲಿಲ್ಲ. ಕೆಲವು ಮೀಟರುಗಳಲ್ಲಿ ಎರಡು ಕೆಂಪು, ಕೆಲವುಗಳಲ್ಲಿ ಮೂರು. ಮರುದಿನ, ಮೊದಲ ದಿನ ಮುಗಿಸಿದ್ದ ನಲವತ್ತೊಂದು ಮನೆಗಳಿಗೂ ಅವಳು ಮತ್ತೆ ಹೋಗಬೇಕಾಯಿತು. "ನಿನ್ನೆ ತಪ್ಪು ಬರೆದಿದ್ದೆ, ಇನ್ನೊಂದ್ಸಲ ನೋಡ್ಕೋತೀನಿ" ಎಂದು ನಲವತ್ತೊಂದು ಸಲ ಹೇಳಿದಳು. ಹೋಮ್‌ವರ್ಕ್ ತಪ್ಪು ಮಾಡಿದ ಎಷ್ಟು ಮಕ್ಕಳಿಗೆ ಹೀಗೆ ಮತ್ತೆ ಬರೆಯಲು ಹೇಳಿದ್ದಳೋ, ಎಲ್ಲವೂ ಬಡ್ಡಿ ಸಮೇತ ಬಂದಿತು ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಜನರೂ ನಕ್ಕರು. ಆದರೆ ನಕ್ಕವರು ಅವಳ ಮುಖವನ್ನು ಮರೆಯಲಿಲ್ಲ. ಮುಂದಿನ ಸಲ ಹೋದಾಗ ಗೇಟುಗಳು ತಾವಾಗಿ ತೆರೆದವು.

ಅಮ್ಮ ಹೆದರಿದ್ದೂ ನಡೆಯಿತು. ಎರಡನೇ ವಾರ ಒಂದು ಮನೆಯ ಬಾಗಿಲು ತೆರೆದದ್ದು ಅವಳ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ.

"ಟೀಚರ್... ನೀವಾ?"

ಚಿಕ್ಕಮ್ಮನ ಕಿವಿ ಬಿಸಿಯಾಯಿತು. ಕೊಕ್ಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಳಂತೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಅವಳಿಗೇ ಗೊತ್ತಿರಲಿಲ್ಲ. "ಹೌದು, ನಾನೇ. ಮೀಟರ್ ಎಲ್ಲಿದೆ?"

ಮೀಟರು ಹೂಕುಂಡಗಳ ಹಿಂದಿತ್ತು. ಇಬ್ಬರೂ ಸೇರಿ ಕುಂಡಗಳನ್ನು ಸರಿಸಿದರು. ಮಣ್ಣಾದ ಕೈಯಲ್ಲಿ ನಿಂತು ಆ ತಾಯಿ, ಶಾಲೆಯಲ್ಲಿ ವರ್ಷವಿಡೀ ಪೋಷಕರ ಸಭೆಗೆ ಬಂದರೂ ಹೇಳದಿದ್ದ ಒಂದು ವಿಷಯ ಹೇಳಿದರು. ಮಗ ರಾತ್ರಿ ಹಾಸಿಗೆಯಲ್ಲಿ ಮಗ್ಗಿ ಹೇಳಿಕೊಂಡೇ ಮಲಗುತ್ತಿದ್ದನಂತೆ, ಅವರ ಮನೆಯಲ್ಲಿ ಆಗ ಜೋರು ಜಗಳಗಳಾಗುತ್ತಿದ್ದವಂತೆ, ಮಗ್ಗಿ ಹೇಳುತ್ತಿದ್ದರೆ ಅವನಿಗೆ ಜಗಳ ಕೇಳಿಸುತ್ತಿರಲಿಲ್ಲವಂತೆ. "ನೀವು ಕಲಿಸಿದ್ದು ಟೀಚರ್" ಎಂದರು. ಚಿಕ್ಕಮ್ಮ ಅಂಕಿ ಬರೆದುಕೊಂಡಳು, ಕಪ್ಪು ಮಾತ್ರ. ಕುಂಡಗಳನ್ನು ಮೊದಲಿದ್ದಲ್ಲೇ ಇಟ್ಟು ಹೊರಟಳು. ಬೀದಿಯ ಕೊನೆ ಮುಟ್ಟುವವರೆಗೆ ಕಣ್ಣು ಮಂಜಾಗಿತ್ತಂತೆ. ಮುಂದಿನ ಮನೆಯ ನಾಯಿ ಬೊಗಳಿದಾಗ ಸರಿಹೋಯಿತು.

ಅವಳನ್ನು ಎಲ್ಲರೂ ನೀರಿನ ಟೀಚರ್ ಎನ್ನತೊಡಗಿದ್ದು ಆಮೇಲೆ. ಆ ತಾಯಿಯಿಂದಲೇ ಹಬ್ಬಿರಬೇಕು.

ಕೆಲಸ ಅವಳಿಗೆ ಎಷ್ಟು ಒಗ್ಗಿತು ಎನ್ನುವುದು ನಮಗೆ ಗೊತ್ತಾದದ್ದು ಅವಳ ಮಾತಿನಿಂದಲ್ಲ. ಸಂಜೆ ಐದೂವರೆಗೆ ಬರುತ್ತಿದ್ದಳು, ಶೂ ಬಿಚ್ಚಿ ಮೆಟ್ಟಿಲ ಕೆಳಗಿಡುತ್ತಿದ್ದಳು, ಮತ್ತು ಮೇಲೆ ಹೋಗುವ ಮೊದಲು ನಮ್ಮ ಅಡುಗೆಮನೆಗೆ ಇಣುಕುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೀಗೆ ಇಣುಕಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ಒಂದೆರಡು ಸುದ್ದಿ ಹೇಳುತ್ತಿದ್ದಳು. ಒಂದು ಮನೆಯ ಗುಂಡಿಯಲ್ಲಿ ಕಪ್ಪೆಯೊಂದು ಮೀಟರಿನ ಮೇಲೆ ಕೂತು ಏಳಲೊಲ್ಲದೆ ಅವಳನ್ನೇ ದಿಟ್ಟಿಸಿದ್ದು. ಇನ್ನೊಂದು ಮನೆಯವರು ಎಲ್ಲಾ ನಲ್ಲಿ ಮುಚ್ಚಿದ್ದರೂ ಮೀಟರಿನ ಚಕ್ರ ತಿರುಗುತ್ತಲೇ ಇದ್ದು, ಇವಳು ಹಟ ಹಿಡಿದು ನೆಲ ಅಗೆಸಿ, ಒಡೆದ ಪೈಪು ಹೊರಬಂದದ್ದು. ಮಾತು ರುಚಿಗೆ ಬರುವ ಹೊತ್ತಿಗೆ, "ಬರ್ತೀನಿ ಅಕ್ಕ" ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದಳು.

"ನೋಡು, ಅರ್ಧಕ್ಕೇ ಹೋದ್ಲು," ಎಂದು ಅಮ್ಮ ಗೊಣಗುತ್ತಿದ್ದಳು. "ನನ್ನನ್ನೂ ಒಂದು ಮೀಟರ್ ಮಾಡ್ಕೊಂಡಿದಾಳೆ."

ಅದು ತಮಾಷೆಯ ಮಾತಾಗಿತ್ತು, ಆದರೆ ಪೂರ್ತಿ ತಮಾಷೆಯಲ್ಲ. ತಂಗಿ ತನ್ನ ಹತ್ತಿರ ಯಾವತ್ತೂ ನೆಮ್ಮದಿಯಾಗಿ ಕೂತಿಲ್ಲ ಎಂಬ ನೋವು ಅಮ್ಮನಿಗೆ ಚಿಕ್ಕಂದಿನಿಂದ ಇತ್ತು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. ದೊಡ್ಡವಳಿಗೆ ದೀಪ ಆರಿದ ಮೇಲೂ ಪಿಸುಗುಟ್ಟುತ್ತಿರಬೇಕು, ಚಿಕ್ಕವಳು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಅಮ್ಮ ಅದನ್ನು ನನ್ನ ಮದುವೆಯಾಗುವವರೆಗೂ ನೆನೆಸಿಕೊಂಡು ಹೇಳುತ್ತಿದ್ದಳು.

ನನ್ನ ಮದುವೆಯಾದ ಮರುವರ್ಷ ಅಮ್ಮ ಒಗೆದ ಬಟ್ಟೆ ಹೊತ್ತು ತಾರಸಿಗೆ ಹೋಗುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಗಿ ಎರಡೂವರೆ ತಿಂಗಳು ಹಾಸಿಗೆಯಲ್ಲಿ ಮಲಗಬೇಕಾಯಿತು. ನಾನು ರಜೆ ಹಾಕಿ ಬಂದಿದ್ದೆ.

ನೋಡಲು ಬರುವವರಿಗೆ ಲೆಕ್ಕವಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಬರುತ್ತಿದ್ದರು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಎರಡೆರಡು ಗಂಟೆ ಕೂರುತ್ತಿದ್ದರು. ತಮ್ಮ ಕಡೆಯ ಯಾರ್‍ಯಾರ ಮೂಳೆ ಎಲ್ಲೆಲ್ಲಿ ಮುರಿದಿತ್ತು ಎಂಬುದನ್ನೆಲ್ಲ ವಿವರವಾಗಿ ಹೇಳುತ್ತಿದ್ದರು. ಅವರು ಎದ್ದು ಹೋದ ಮೇಲೆ ಅಮ್ಮ ಕಣ್ಣು ಮುಚ್ಚಿಕೊಂಡು, "ಬಾಗಿಲು ಹಾಕ್ಕೊಂಡುಬಿಡೇ" ಎನ್ನುತ್ತಿದ್ದಳು. ಮಾತೆಂದರೆ ಊಟ ಬಿಟ್ಟು ಕೂರುತ್ತಿದ್ದ ಅಮ್ಮ! ನೋವಿನಲ್ಲಿರುವವರಿಗೆ ಎದುರಿಗೆ ಕೂತವರ ಮುಖ ನೋಡುತ್ತ "ಹೌದಾ, ಹೌದಾ" ಎನ್ನುವುದೇ ದೊಡ್ಡ ದುಡಿಮೆ ಎಂದು ನನಗೆ ಆಗ ಗೊತ್ತಾಯಿತು.

ಚಿಕ್ಕಮ್ಮ ಕೂರುತ್ತಿರಲಿಲ್ಲ. ಬೆಳಗ್ಗೆ ಏಳಕ್ಕೆ ಬಂದು ಕಿಟಕಿ ತೆರೆದು, ದಿಂಬು ಕೊಡವಿ, ಒಂದು ಮಾತು ಆಡಿ ಹೋಗುತ್ತಿದ್ದಳು. ಕೆಲಸಕ್ಕೆ ಹೊರಡುವ ಮುಂಚೆ ಇನ್ನೊಮ್ಮೆ. ಹತ್ತಿರದ ಬೀದಿಗಳ ಪಾಳಿ ಇದ್ದರೆ ಮಧ್ಯಾಹ್ನ ಬಂದು ತಲೆ ಬಾಚಿಕೊಟ್ಟು ಹೋಗುತ್ತಿದ್ದಳು. ಸಂಜೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಮಲಗುವಾಗ ಒಮ್ಮೆ. ಪ್ರತಿ ಸಲವೂ ನಗಿಸಿ ಹೋಗುತ್ತಿದ್ದಳು. ಅಮ್ಮ ಏನಾದರೂ ಹೇಳಲೇಬೇಕು ಎಂದಿರಲಿಲ್ಲ. ನಾನು ಗಮನಿಸಿದ್ದೆ, ಗಡಿಯಾರ ಐದು ದಾಟಿದ ಮೇಲೆ ಅಮ್ಮನ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಒಂದು ಭಾನುವಾರ ದೂರದ ನೆಂಟರೊಬ್ಬರು ಮಧ್ಯಾಹ್ನವಿಡೀ ಕೂತು ಹೋದ ಮೇಲೆ ಚಿಕ್ಕಮ್ಮ ಒಳಗೆ ಬಂದಳು. ಅಮ್ಮ ಅವಳ ಕೈ ಹಿಡಿದುಕೊಂಡಳು.

"ನಿನ್ನನ್ನ ನಾನು ಬಹಳ ಬೈದಿದೀನಿ ಕಣೇ."

"ಯಾವುದಕ್ಕೆ? ಬಹಳ ಇದಾವೆ."

"ಕೂರಲ್ಲ ಅಂತ."

"ಈಗ ಕೂರ್ಲಾ?"

"ಬೇಡ ಮಾರಾಯ್ತಿ," ಎಂದಳು ಅಮ್ಮ. "ಆಮೇಲೆ ಇನ್ನೊಂದ್ಸಲ ಬಾ. ಸಾಕು."

ಇಬ್ಬರೂ ನಕ್ಕರು. ನಗುವಾಗ ಕಾಲು ಅಲುಗಿ ಅಮ್ಮ "ಅಯ್ಯಯ್ಯೋ" ಎಂದು ನರಳಿದಳು, ಅದಕ್ಕೆ ಮತ್ತೆ ನಗು. ನಾನು ಔಷಧಿ ತರುವ ನೆಪದಲ್ಲಿ ಹೊರಗೆ ಬಂದೆ.

ಅಮ್ಮ ಮತ್ತೆ ನಡೆಯುವಂತಾದಳು, ಸ್ವಲ್ಪ ಕುಂಟು ಉಳಿಯಿತು. ಚಿಕ್ಕಮ್ಮನ ಬೀದಿಗಳು ಹೆಚ್ಚಾದವು. ಆಫೀಸಿನವರು ಒಮ್ಮೆ ಅವಳ ಮೇಲೆ ಕನಿಕರಪಟ್ಟು, "ಇನ್ನು ಬಿಸಿಲಲ್ಲಿ ಅಲೆಯೋದು ಬೇಡ ಮೇಡಂ, ಕೌಂಟರಿನಲ್ಲಿ ಕೂತ್ಕೊಳ್ಳಿ, ಫ್ಯಾನ್ ಇದೆ" ಎಂದರು. ಅವಳು ಕೌಂಟರಿನ ಮುಂದಿನ ಸಾಲನ್ನು ಒಮ್ಮೆ ನೋಡಿ, "ಫ್ಯಾನನ್ನೇ ಕೊಟ್ಟುಬಿಡಿ, ಮನೆಗೆ ತಗೊಂಡು ಹೋಗ್ತೀನಿ" ಎಂದಳಂತೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಬದಲಿಗೆ ಹೊಸಬರಿಗೆ ಕೆಲಸ ಕಲಿಸುವುದನ್ನು ಅವಳಿಗೆ ವಹಿಸಿದರು.

ಹಾಗೆ ಬಂದವರಲ್ಲಿ ಒಬ್ಬ ಹೆಂಗಸು, ಮೂವತ್ತರ ಆಸುಪಾಸಿನವಳು, ಮೊದಲು ಬಟ್ಟೆಯ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದವಳು. ಮೊದಲ ದಿನ ಎರಡನೇ ಮನೆಯಲ್ಲೇ ಮುಕ್ಕಾಲು ಗಂಟೆ ಕಳೆದಳು. ಆ ಮನೆಯವಳಿಗೆ ಮಗುವಿನ ಜ್ವರದ ಚಿಂತೆ, ಇವಳು ಮಗುವನ್ನು ಎತ್ತಿಕೊಂಡು, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ಫೋನು ಮಾಡಿ ವಿಚಾರಿಸಿ, ಚೀಟಿ ಬರೆದುಕೊಟ್ಟು ಬಂದಳು. ಒಂದು ವಾರ ಹೀಗೇ ಆಯಿತು. ಎಪ್ಪತ್ತು ಮನೆಯ ಬದಲು ಹದಿನೆಂಟು. ಮೇಲ್ವಿಚಾರಕರು ಕೂಗಾಡಿದರು. ಅವಳು ಅಳುತ್ತ, "ನನಗೆ ಯಾವ ಕೆಲಸಾನೂ ಆಗಿಬರಲ್ಲ ಅಕ್ಕ, ಕಾರ್ಖಾನೇಲಿ ಮಾತಾಡ್ತೀನಿ ಅಂತ ಬೈದ್ರು, ಇಲ್ಲಿ ನಿಲ್ತೀನಿ ಅಂತ ಬೈತಾರೆ" ಎಂದಳು.

ಚಿಕ್ಕಮ್ಮ ಅವಳನ್ನು ತಿದ್ದಲು ಹೋಗಲಿಲ್ಲ. "ನೀನು ನಿಲ್ಲೋಳೇ," ಎಂದಳು. "ನಿಲ್ಲೋರು ಬೇಕಾದ ಕಡೆ ಹೋಗು. ದೊಡ್ಡಾಸ್ಪತ್ರೇಲಿ ವಿಚಾರಣೆ ಕಿಟಕಿ ಇದ್ಯಲ್ಲ, ಅಲ್ಲಿ ಕೂತಿರೋನು ಯಾರು ಏನು ಕೇಳಿದ್ರೂ ಮೇಲೆ ಹೋಗಿ ಅಂತಾನೆ. ಅಲ್ಲಿ ಒಂದು ಜಾಗ ಖಾಲಿ ಇದೆ, ಅವರ ಮೀಟರ್ ನೋಡೋಕೆ ಹೋದಾಗ ಕೇಳಿಸ್ಕೊಂಡೆ." ತಾನೇ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದಳು. ಈಗಲೂ ಅವಳು ಅಲ್ಲೇ ಇದ್ದಾಳೆ. ಅವಳ ಕಿಟಕಿಯ ಮುಂದಿನ ಸಾಲು ನಿಧಾನವಾಗಿ ಸರಿಯುತ್ತದೆ, ಆದರೆ ಯಾರೂ ಜಗಳವಾಡುವುದಿಲ್ಲ ಎಂದು ಚಿಕ್ಕಮ್ಮ ಹೇಳುತ್ತಾಳೆ.

"ನಿಮಗೆ ಹೇಗೆ ಗೊತ್ತಾಗುತ್ತೆ ಚಿಕ್ಕಮ್ಮ, ಯಾರಿಗೆ ಯಾವುದು ಅಂತ?" ಎಂದು ನಾನು ಕೇಳಿದ್ದೆ.

"ನನಗೇನು ಗೊತ್ತು? ನನ್ನದೇ ನನಗೆ ಗೊತ್ತಾಗೋಕೆ ನಲವತ್ತು ವರ್ಷ ಬೇಕಾಯ್ತು. ಅವಳು ಆ ಮಗೂನ ಎತ್ಕೊಂಡಾಗ ಅವಳ ಮುಖ ನೋಡಿದೆ, ಅಷ್ಟೇ."

ಚಿಕ್ಕಮ್ಮನಿಗೆ ಈಗ ಐವತ್ತೆಂಟು. ಊರಿನ ಅರ್ಧ ಭಾಗಕ್ಕೆ ಹೊಸ ಮೀಟರುಗಳು ಬಂದಿವೆ. ಅವು ತಾವೇ ಅಂಕಿಗಳನ್ನು ಆಫೀಸಿಗೆ ಕಳಿಸುತ್ತವೆ. ಉಳಿದ ಅರ್ಧಕ್ಕೂ ಬರಲು ಇನ್ನು ಒಂದೆರಡು ವರ್ಷವಿರಬಹುದು. ಅಷ್ಟರಲ್ಲಿ ತನ್ನ ಕಾಲವೂ ಮುಗಿಯುತ್ತದೆ ಎಂದು ಅವಳು ಆ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಈ ವರ್ಷ ಪುಸ್ತಕದ ಬದಲು ಅಂಗೈಯಗಲದ ಯಂತ್ರವೊಂದನ್ನು ಕೊಟ್ಟಿದ್ದಾರೆ, ಅಂಕಿಗಳನ್ನು ಅದರಲ್ಲೇ ಒತ್ತಬೇಕು. ಅದನ್ನು ಹೇಳಿಕೊಡಲು ಕಳೆದ ತಿಂಗಳು ಒಂದು ಬೆಳಗ್ಗೆ ನಾನು ಅವಳ ಜೊತೆ ಹೋಗಿದ್ದೆ.

ಹಳೆಯ ಬೀದಿ, ಮನೆಗಳು ಒತ್ತೊತ್ತಾಗಿದ್ದವು. ಮೊದಲ ಮನೆಯಲ್ಲಿ ಬಡಗಿಯೊಬ್ಬರು ಬಾಗಿಲಲ್ಲೇ ಕಾದಿದ್ದು, ಮಗಳಿಗೆ ಕೆಲಸ ಸಿಕ್ಕಿದ ಸುದ್ದಿ ಹೇಳಿದರು. ಎರಡನೇ ಮನೆಯಲ್ಲಿ ಗಂಡ ಹೆಂಡತಿ ಯಾವುದಕ್ಕೋ ಜಗಳವಾಡುತ್ತಿದ್ದರು. ಇವಳನ್ನು ಕಂಡು ಇಬ್ಬರೂ ಸುಮ್ಮನಾದರು, ಇವಳು ಗುಂಡಿಗೆ ಟಾರ್ಚು ಹಿಡಿಯಲು ಗಂಡನನ್ನೂ ಅಂಕಿ ಗಟ್ಟಿಯಾಗಿ ಓದಲು ಹೆಂಡತಿಯನ್ನೂ ಕರೆದಳು. ಮೂರನೆಯದರಲ್ಲಿ ಯಾರೂ ಇರಲಿಲ್ಲ. ಹೀಗೆ ಹನ್ನೆರಡು ಮನೆ ಮುಗಿಯುವಷ್ಟರಲ್ಲಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಇಷ್ಟೊಂದು ಜನ, ಇಷ್ಟೊಂದು ಬಾಗಿಲು, ಪ್ರತಿ ಸಲವೂ ಹೊಸದಾಗಿ ಶುರುಮಾಡಬೇಕು. ನಾನು ಒಬ್ಬರ ಜೊತೆ ಕೂತು ಗಂಟೆಗಟ್ಟಲೆ ಹರಟುವವಳು, ಅಮ್ಮನ ಮಗಳು.

"ಒಂದ್ ನಿಮಿಷ ಕೂತ್ಕೊಳ್ಳೋಣ ಚಿಕ್ಕಮ್ಮ," ಎಂದೆ, ಒಂದು ಕಟ್ಟೆ ಕಂಡು.

"ನೀನು ಕೂತ್ಕೋ ಪುಟ್ಟಿ. ಯಂತ್ರ ಕೊಡು, ನನಗೆ ಬಂತು ಈಗ."

ಕೊಟ್ಟೆ. ಅವಳು ಕೊಕ್ಕೆಯನ್ನು ಬಗಲಿಗೆ ಸಿಕ್ಕಿಸಿಕೊಂಡು, ಬೆವರು ಒರೆಸಿಕೊಂಡು ರಸ್ತೆ ದಾಟಿದಳು. ಆಚೆ ಬದಿಯ ಮನೆಯ ಗೇಟು ಕಿರುಗುಟ್ಟಿತು. "ಇದ್ದೀರಾ? ನೀರು!" ಎಂದು ಕೂಗಿದಳು. ಒಳಗಿನಿಂದ ಯಾರೋ, "ಬನ್ನಿ ಟೀಚರ್, ತೆಗೆದೇ ಇದೆ" ಎಂದರು.